ಡಿಕ್ಕಿಯಲ್ಲಿ ಬಿಡಾರ ಹೂಡಿದ ಇರುವೆಗಳು

ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕಾರಿಗೊಂದು ಮಾವಿನ ಮರದ ನೆರಳು ಸಿಕ್ಕಿದರೆ ಯಾರೂ ಬಿಡುವುದಿಲ್ಲ. ಸಂಜೆ ಹೊತ್ತಿಗೆ ಮುಂದಿನ ಗಾಜು, ಬಾನೆಟ್, ಟಾಪ್ ಎಲ್ಲ ಅಂಟಂಟು. ಹೂ ಬಿಟ್ಟ ಮಾವನ್ನು ಮುತ್ತಿಕೊಳ್ಳುವ ಜಿಗಿಹುಳುಗಳು ಮರದ ರಸ ಹೀರಿ, ಮೈಗೆ ಹೆಚ್ಚಾದ ಸಿಹಿನೀರನ್ನು ಕೆಳಕ್ಕೆ ಉದುರಿಸುತ್ತವೆ. ಇರುವೆಗಳಿಗೆ ಅದು ಅಚ್ಚುಮೆಚ್ಚಿನ ಆಹಾರ. ಅದರ ವಾಸನೆ ಹಿಡಿದು ಟೈರ್ ಹತ್ತಿ ಬಂದ ಇರುವೆಗೆ ಬಾಗಿಲಿನ ಬೀಡಿಂಗ್ ಸಂದು ಸಿಗುತ್ತದೆ. ಒಳಗೆ ನುಸುಳಿದರೆ ಹಿಂದಿನ ಸೀಟಿನ ಕೆಳಗೆ ಮಗು ಬೀಳಿಸಿದ ಬಿಸ್ಕತ್ತಿನ ಚೂರು ಸಿಗುತ್ತದೆ. ಮಾರನೆಯ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಸಂದಿನಿಂದ ಹೊರಟ ಸಾಲು ಹ್ಯಾಂಡ್‌ಬ್ರೇಕ್ ಬದಿಯಲ್ಲಿ ಹಾದು ಹಿಂದಿನ ಸೀಟಿಗೆ ಇಳಿದಿರುತ್ತದೆ.

ಆಗ ಹೆಚ್ಚಿನವರ ಕೈ ಹೋಗುವುದು ಜಿರಳೆಗೆ ಹೊಡೆಯುವ ಸ್ಪ್ರೇ ಡಬ್ಬಿಗೆ. ಹೊಡೆದ ಕೂಡಲೇ ಸಾಲು ಮಾಯ. ನಾಲ್ಕೈದು ದಿನ ಕಳೆದರೆ ಮತ್ತೆ ಸಾಲು, ಈ ಸಲ ಎರಡು ಕಡೆಯಿಂದ. ಔಷಧಿ ಸಾಲಲಿಲ್ಲವೆಂದು ಇನ್ನಷ್ಟು ಹೊಡೆಯುತ್ತಾರೆ. ಆದರೆ ಕೊರತೆ ಇರುವುದು ಔಷಧಿಯಲ್ಲಲ್ಲ. ಕಣ್ಣಿಗೆ ಕಾಣುವ ಸಾಲು ಗೂಡಿನ ಒಂದು ಸಣ್ಣ ಪಾಲು ಮಾತ್ರ. ಮೊಟ್ಟೆ, ಮರಿ, ರಾಣಿ ಎಲ್ಲವೂ ಬೇರೆಲ್ಲೋ ಇರುತ್ತವೆ. ಆ ‘ಬೇರೆಲ್ಲೋ’ ಕಾರಿನ ಒಳಗೋ ಹೊರಗೋ ಎಂದು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ತಿಳಿದುಕೊಳ್ಳುವುದು ಕಷ್ಟವಲ್ಲ. ಕಾರನ್ನು ಎಂದಿನ ಜಾಗದಿಂದ ತೆಗೆದು, ಮರವಾಗಲಿ ಮಣ್ಣಾಗಲಿ ಗೋಡೆಯಾಗಲಿ ತಾಗದ ಕಾಂಕ್ರೀಟ್ ನೆಲದ ಮೇಲೆ ಎರಡು ಮೂರು ದಿನ ನಿಲ್ಲಿಸಬೇಕು. ಇರುವೆಗಳ ಸಂಖ್ಯೆ ದಿನದಿಂದ ದಿನಕ್ಕೆ ಕರಗಿದರೆ ಗೂಡು ಹೊರಗಿದೆ ಎಂದರ್ಥ. ಮನೆಗೆ ಮರಳುವ ದಾರಿ ಕಡಿದುಹೋದ ಕೆಲಸಗಾರ ಇರುವೆಗಳು ಮಾತ್ರ ಒಳಗೆ ಉಳಿದಿವೆ, ರಾಣಿಯಿಲ್ಲದೆ ಅವು ಹೆಚ್ಚು ದಿನ ಬಾಳುವುದಿಲ್ಲ. ಸಂಖ್ಯೆ ಕಡಿಮೆಯಾಗದಿದ್ದರೆ, ಅದರಲ್ಲೂ ಅಕ್ಕಿ ನುಚ್ಚಿನಂಥ ಬಿಳಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಓಡಾಡುವ ಇರುವೆಗಳು ಕಂಡರೆ, ಸಂಸಾರ ಪೂರ್ತಿ ಕಾರಿನೊಳಗೇ ಇದೆ.

ಕಾರಿನಲ್ಲಿ ಇರುವೆ ಎಲ್ಲಿ ಗೂಡು ಕಟ್ಟೀತು ಎಂದು ಕೇಳಿದರೆ ಅನುಭವಸ್ಥ ಮೆಕ್ಯಾನಿಕ್ ಮೊದಲು ಡಿಕ್ಕಿಯ ಮ್ಯಾಟ್ ಎತ್ತುತ್ತಾನೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ತೇವ ನಿಲ್ಲುತ್ತದೆ, ಕತ್ತಲಿರುತ್ತದೆ, ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ಎರಡನೆಯ ಜಾಗ ವೈಪರ್‌ಗಳ ಬುಡ. ಬಾನೆಟ್ ಎತ್ತಿ ಅಲ್ಲಿ ಕೈಯಾಡಿಸಿದರೆ ಕೊಳೆತ ಎಲೆ, ಹೂವಿನ ಎಸಳು, ಮಣ್ಣು ಸೇರಿ ಒಂದು ಹಿಡಿ ಗೊಬ್ಬರವೇ ಸಿಗುತ್ತದೆ. ಎಸಿಗೆ ಗಾಳಿ ಎಳೆದುಕೊಳ್ಳುವುದೂ ಅಲ್ಲಿಂದಲೇ. ಎಸಿ ಹಾಕಿದ ಕೂಡಲೇ ಕಿಂಡಿಯಿಂದ ಇರುವೆ ಉದುರಿದರೆ ಹುಡುಕಬೇಕಾದದ್ದು ಅಲ್ಲಿ, ಮತ್ತು ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸ್ ಹಿಂದಿರುವ ಕ್ಯಾಬಿನ್ ಫಿಲ್ಟರ್‌ನಲ್ಲಿ. ಬಾಗಿಲಿನ ರಬ್ಬರ್ ಬೀಡಿಂಗ್ ಒಳಗಿನ ಟೊಳ್ಳು, ಹಿಂದಿನ ಲೈಟುಗಳ ಬದಿ, ಪೆಟ್ರೋಲ್ ಮುಚ್ಚಳದ ಒಳಭಾಗ ಇವನ್ನೂ ಬಿಡುವಂತಿಲ್ಲ. ವಾರಗಟ್ಟಲೆ ಕದಲದೆ ನಿಂತ ಕಾರಿನಲ್ಲಂತೂ ಇವೆಲ್ಲವೂ ಇರುವೆಗೆ ಒಗ್ಗುವ ಜಾಗಗಳೇ.

ಎಲ್ಲ ಇರುವೆಗಳೂ ಕಾರಿಗೆ ಒಗ್ಗುವುದಿಲ್ಲ. ಮಲೆನಾಡು, ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಚಗಳಿ ಎಲೆಗಳನ್ನು ಹೆಣೆದು ಮರದ ಮೇಲೆಯೇ ಗೂಡು ಕಟ್ಟುತ್ತದೆ. ಕೊಂಬೆ ಕಾರಿಗೆ ತಾಗಿದರೆ ಅದು ಇಳಿದು ಬಂದೀತು, ಕಾಲಿಗೆ ಕಚ್ಚಿ ಚಾಲಕನ ಗಮನ ಕೆಡಿಸೀತು, ಆದರೆ ಅಲ್ಲೇ ನೆಲೆಸುವುದಿಲ್ಲ. ದೊಡ್ಡ ಕಪ್ಪು ಗೊದ್ದವೂ ಸಾಮಾನ್ಯವಾಗಿ ನೆಲದ ಜೀವಿ. ದಾರಿ ತಪ್ಪಿ ಬಂದಿರುತ್ತದೆ. ಕಾರಿನಲ್ಲಿ ಬೇರು ಬಿಡುವವು ಬಹುಪಾಲು ಅತಿ ಸಣ್ಣ ಇರುವೆಗಳು. ಅವುಗಳಲ್ಲಿ ಒಂದಕ್ಕೆ ತಲೆ ಕಪ್ಪು, ಹೊಟ್ಟೆ ನಸುಬಿಳುಪು. ಉದ್ದ ಒಂದೂವರೆ ಮಿಲಿಮೀಟರ್ ಆಸುಪಾಸು, ಬಿಳಿ ಸೀಟಿನ ಮೇಲೆ ತಲೆಯಷ್ಟೇ ಓಡಾಡಿದಂತೆ ಕಾಣುತ್ತದೆ. ವಿಜ್ಞಾನಿಗಳು ಇದನ್ನು ಟ್ಯಾಪಿನೋಮಾ ಮೆಲನೋಸೆಫಾಲಮ್ ಎಂದು ಕರೆಯುತ್ತಾರೆ. ಇನ್ನೊಂದು ತಿಳಿಹಳದಿ ಬಣ್ಣದ ಫೇರೋ ಇರುವೆ. ಈ ಎರಡಕ್ಕೂ ಶಾಶ್ವತ ಹುತ್ತದ ಹಂಗಿಲ್ಲ. ಹೂಕುಂಡದ ಅಡಿ, ಪುಸ್ತಕದ ಹಾಳೆಗಳ ನಡುವೆ, ಸೂಟ್‌ಕೇಸಿನ ಮಡಿಕೆ, ಎಲ್ಲಿ ಸಂದು ಸಿಕ್ಕರೂ ಸಾಕು. ಒಂದು ಗೂಡಿನಲ್ಲಿ ಹಲವು ರಾಣಿಯರು. ತೊಂದರೆ ಎನಿಸಿದರೆ ಒಂದು ರಾಣಿ, ಒಂದಷ್ಟು ಕೆಲಸಗಾರರು, ಒಂದಷ್ಟು ಮರಿಗಳನ್ನು ಕಟ್ಟಿಕೊಂಡು ಬೇರೆಡೆಗೆ ಹೊರಟುಬಿಡುತ್ತವೆ. ಸ್ಪ್ರೇ ಹೊಡೆದ ಮೇಲೆ ಒಂದು ಸಾಲಿದ್ದದ್ದು ಎರಡಾಗುವುದು ಹೀಗೆ. ಆಸ್ಪತ್ರೆಗಳಲ್ಲಿ ಫೇರೋ ಇರುವೆಯ ಕಾಟ ನಿವಾರಿಸಲು ಹೋದವರು ಈ ಪಾಠವನ್ನು ದಶಕಗಳ ಹಿಂದೆಯೇ ಕಲಿತರು: ಈ ಜಾತಿಗೆ ಸ್ಪ್ರೇ ಹೊಡೆಯಬಾರದು.

ಸಾಲು ಅಷ್ಟು ನೆಟ್ಟಗೆ ಸಾಗುವುದು ಹೇಗೆ ಎಂಬುದನ್ನು ಅಮೆರಿಕದ ಕೀಟವಿಜ್ಞಾನಿ ಇ. ಒ. ವಿಲ್ಸನ್ 1959ರಲ್ಲಿ ತೋರಿಸಿಕೊಟ್ಟರು. ಬೆಂಕಿ ಇರುವೆಯ ಹೊಟ್ಟೆಯೊಳಗಿನ ಒಂದೊಂದೇ ಗ್ರಂಥಿಯನ್ನು ಬಿಡಿಸಿ, ಅರೆದು, ಗಾಜಿನ ಮೇಲೆ ಗೆರೆ ಎಳೆದು ನೋಡಿದರು. ಡುಫೂರ್ ಗ್ರಂಥಿ ಎಂಬ ಸಣ್ಣ ಚೀಲದ ರಸದಿಂದ ಎಳೆದ ಗೆರೆಯ ಹಿಂದೆ ಇರುವೆಗಳು ತಂಡವಾಗಿ ಹೊರಟವು. ಆಹಾರ ಕಂಡ ಇರುವೆ ಗೂಡಿಗೆ ಮರಳುತ್ತ ದಾರಿಯುದ್ದಕ್ಕೂ ಈ ವಾಸನೆ ಬಿಡುತ್ತದೆ. ಹಿಂದೆ ಬಂದವು ಅದನ್ನು ಇನ್ನಷ್ಟು ಗಾಢ ಮಾಡುತ್ತವೆ. ಒರೆಸಿದ ಬಟ್ಟೆಗೆ ಸತ್ತ ಇರುವೆ ಬಂದರೂ ವಾಸನೆ ಉಳಿದರೆ ಹೊಸ ಇರುವೆ ಅದೇ ಜಾಡು ಹಿಡಿಯುತ್ತದೆ. ಆದ್ದರಿಂದ ಸಾಲು ಹಾದ ಜಾಗವನ್ನು ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದು ಮುಖ್ಯ. ಸೋಪು ಇರುವೆಯ ಮೈಮೇಲಿನ ಮೇಣದ ಪದರವನ್ನೂ ಕಳಚುವುದರಿಂದ ಅದೇ ನೀರು ಎದುರಿಗೆ ಸಿಕ್ಕ ಇರುವೆಗಳಿಗೂ ಸಾಕಾಗುತ್ತದೆ. ವಿಷ ಬೇಕಿಲ್ಲ.

ವಿಷದ ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕಾರಿನೊಳಗಿನ ಗಾಳಿ ಒಂದು ಸಣ್ಣ ಕೋಣೆಗಿಂತ ಎಷ್ಟೋ ಕಡಿಮೆ. ಎಸಿ ಹಾಕಿ ಗಾಜು ಏರಿಸಿದರೆ ಅದೇ ಗಾಳಿ ಸುತ್ತುತ್ತಿರುತ್ತದೆ. ಸ್ಪ್ರೇ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಸೀಟಿನ ಬಟ್ಟೆಗೆ, ಕಾರ್ಪೆಟ್ಟಿಗೆ ಅಂಟಿ ಉಳಿಯುತ್ತದೆ. ಆ ಸೀಟಿನ ಮೇಲೆ ಮಕ್ಕಳು ಮಲಗುತ್ತಾರೆ, ಅದೇ ಕೈಯಲ್ಲಿ ತಿಂಡಿ ತಿನ್ನುತ್ತಾರೆ. ಇರುವೆ ಚಾಕ್‌ಪೀಸಿನ ಗೆರೆಯಲ್ಲೂ ಇರುವುದು ಇದೇ ಗುಂಪಿನ ಕೀಟನಾಶಕ. ಡಬ್ಬಿಯೊಳಗೆ ಒತ್ತಡಕ್ಕೆ ತುಂಬುವ ಅನಿಲವೋ ಬೆಂಕಿ ಹತ್ತುವಂಥದ್ದು. ಐವತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಲ್ಲಿ ಇಡಬೇಡಿ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಅಮೆರಿಕದ ಅರಿಝೋನಾದಲ್ಲಿ ಸಂಶೋಧಕರು ಬಿಸಿಲಲ್ಲಿ ನಿಲ್ಲಿಸಿದ ಕಾರುಗಳ ತಾಪ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಗಂಟೆಯಲ್ಲಿ ಒಳಗಿನ ಗಾಳಿ ಸರಾಸರಿ 47 ಡಿಗ್ರಿಗೆ, ಡ್ಯಾಶ್‌ಬೋರ್ಡ್ 69 ಡಿಗ್ರಿಗೆ ಏರಿತ್ತು. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲು ಅರಿಝೋನಾಕ್ಕೆ ಏನೂ ಕಡಿಮೆಯಿಲ್ಲ. ಇರುವೆಗೆ ಹೊಡೆದು, ಮತ್ತೆ ಬೇಕಾದೀತೆಂದು ಡಬ್ಬಿಯನ್ನು ಕಾರಿನಲ್ಲೇ ಬಿಟ್ಟು ಹೋಗುವುದಕ್ಕಿಂತ ಅಪಾಯದ ಕೆಲಸ ಇನ್ನಿಲ್ಲ.

ಹಳೆಯ ತಲೆಮಾರಿನವರು ಈಗಲೂ ಅಂಗಡಿಯಲ್ಲಿ ಗೆಮಾಕ್ಸಿನ್ ಪುಡಿ ಕೇಳುವುದುಂಟು. ಒಂದು ಕಾಲಕ್ಕೆ ಹೊಸ್ತಿಲಿಗೆ, ಅಡುಗೆಮನೆಯ ಮೂಲೆಗೆ ಅದನ್ನೇ ಉದುರಿಸುತ್ತಿದ್ದರು. ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಬಿಎಚ್‌ಸಿಯನ್ನು ಭಾರತ 1997ರಲ್ಲೇ ನಿಷೇಧಿಸಿತು. ಅದರ ಶುದ್ಧ ರೂಪವಾದ ಲಿಂಡೇನ್ ಬಳಕೆಯೂ 2013ರ ಮಾರ್ಚ್‌ನಿಂದ ಪೂರ್ತಿ ನಿಂತಿದೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಪೊಟ್ಟಣ ಉಳಿದಿದ್ದರೆ ಅದನ್ನು ಕಾರಿನ ಹತ್ತಿರಕ್ಕೂ ತರಬಾರದು. ಸೀಮೆಎಣ್ಣೆ ಒರೆಸುವ ರೂಢಿಯೂ ಬೇಡ. ರಬ್ಬರ್ ಬೀಡಿಂಗ್ ಅದರಿಂದ ಉಬ್ಬಿ ಹಾಳಾಗುತ್ತದೆ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಅರಿಶಿನ, ಲವಂಗ, ಕರ್ಪೂರ ಇವುಗಳಿಂದ ಹಾನಿಯಿಲ್ಲ. ಇರುವೆ ಅವುಗಳನ್ನು ಸುತ್ತು ಹಾಕಿ ಬೇರೆ ದಾರಿ ಹಿಡಿಯುತ್ತದೆ, ಅಷ್ಟೆ. ಗೂಡು ಒಳಗಿರುವಾಗ ಅವು ಪ್ರಯೋಜನಕ್ಕೆ ಬಾರವು.

ಹಾಗಾದರೆ ಪ್ರಯೋಜನಕ್ಕೆ ಬರುವುದು ಯಾವುದು? ಉತ್ತರದ ಒಂದು ತುದಿ ಮೈಸೂರಿನಲ್ಲಿದೆ. ಅಲ್ಲಿನ ವಿಜ್ಞಾನಿ ಡಾ. ಮೊಹಮ್ಮದ್ ಬಾಬು ತೆಗೆದ ಕೆಲವು ಫೋಟೊಗಳು 2011ರಲ್ಲಿ ವಿದೇಶದ ಪತ್ರಿಕೆಗಳಲ್ಲೂ ಅಚ್ಚಾಗಿ ಜಗತ್ತೆಲ್ಲ ಸುತ್ತಿದವು. ಚೆಲ್ಲಿದ ಹಾಲು ಕುಡಿದ ಇರುವೆಗಳ ಹೊಟ್ಟೆ ಬೆಳ್ಳಗಾದದ್ದನ್ನು ಅವರ ಪತ್ನಿ ಗಮನಿಸಿ ತೋರಿಸಿದ್ದೇ ಅದಕ್ಕೆ ಪ್ರೇರಣೆ. ಕೆಂಪು, ಹಸಿರು, ನೀಲಿ, ಹಳದಿ ಬಣ್ಣ ಬೆರೆಸಿದ ಸಕ್ಕರೆ ನೀರಿನ ಹನಿಗಳನ್ನು ತೋಟದಲ್ಲಿಟ್ಟು ಅವರು ಕಾದರು. ಪಾರದರ್ಶಕ ಹೊಟ್ಟೆಯ ಪುಟ್ಟ ಇರುವೆಗಳು ಹನಿಯ ಸುತ್ತ ವೃತ್ತವಾಗಿ ನಿಂತು ಹೀರಿದಂತೆಲ್ಲ ಹೊಟ್ಟೆ ಉಬ್ಬಿ ಮಣಿಯಂತಾಗಿ, ಕುಡಿದ ಬಣ್ಣವೇ ಹೊರಗೆ ಹೊಳೆಯಿತು. ಒಂದು ಬಣ್ಣ ಕುಡಿದು ಇನ್ನೊಂದರ ಬಳಿ ಹೋದವುಗಳ ಹೊಟ್ಟೆಯಲ್ಲಿ ಎರಡೂ ಬೆರೆತು ಮೂರನೆಯ ಬಣ್ಣವಾಯಿತು. ಆ ಚಿತ್ರಗಳ ಚೆಲುವನ್ನು ಮೆಚ್ಚಿದವರು ಲಕ್ಷಾಂತರ ಮಂದಿ. ಕೀಟಶಾಸ್ತ್ರದ ಒಂದು ದೊಡ್ಡ ಸಂಗತಿಯೂ ಅವುಗಳಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಹಾಗೆ ಉಬ್ಬಿದ ಹೊಟ್ಟೆಯಲ್ಲಿರುವುದು ಆ ಇರುವೆಯೊಂದರ ಊಟವಲ್ಲ. ಅನ್ನಚೀಲದಲ್ಲಿ ತುಂಬಿಕೊಂಡದ್ದನ್ನು ಅದು ಗೂಡಿಗೊಯ್ದು, ಬಾಯಿಗೆ ಬಾಯಿ ಕೊಟ್ಟು, ಹೊರಗೆ ಬಾರದ ಜೊತೆಗಾರರಿಗೆ, ಮರಿಗಳಿಗೆ, ರಾಣಿಗೆ ಉಣಿಸುತ್ತದೆ.

ಇದನ್ನೇ ಬಳಸಿಕೊಳ್ಳಬೇಕು. ತಕ್ಷಣ ಕೊಲ್ಲದ, ನಿಧಾನವಾಗಿ ಕೆಲಸ ಮಾಡುವ ಔಷಧಿಯನ್ನು ಸಿಹಿಯಲ್ಲಿ ಬೆರೆಸಿ ಕೊಟ್ಟರೆ ಇರುವೆಯೇ ಅದನ್ನು ರಾಣಿಯ ಬಾಯಿಗೆ ಮುಟ್ಟಿಸುತ್ತದೆ. ಸುಲಭವಾಗಿ ಸಿಗುವುದು ಬೋರಿಕ್ ಪೌಡರ್, ಹಿಂದೆ ಕ್ಯಾರಂ ಬೋರ್ಡಿಗೆ ಉದುರಿಸುತ್ತಿದ್ದ ಪುಡಿ. ನೂರು ಮಿಲಿಲೀಟರ್ ಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಸಕ್ಕರೆ, ಕಾಲು ಟೀ ಚಮಚ, ಎಂದರೆ ಸುಮಾರು ಒಂದು ಗ್ರಾಂ ಬೋರಿಕ್ ಪೌಡರ್ ಹಾಕಿ ಪೂರ್ತಿ ಕರಗಿಸಬೇಕು. ಮನೆಯಲ್ಲಿ ಬಿಳಿಗಾರ ಇದ್ದರೆ ಪುಡಿ ಮಾಡಿ ಅಷ್ಟೇ ಪ್ರಮಾಣದಲ್ಲಿ ಬಳಸಬಹುದು. ಬೋರಿಕ್ ಅಂಶ ನೂರಕ್ಕೆ ಒಂದು ಪಾಲು ದಾಟಬಾರದು. ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ ಎಂದುಕೊಂಡು ಕೈಬಿಟ್ಟು ಸುರಿಯುವವರು ಸೋಲುವುದು ಇಲ್ಲೇ: ಗಾಢವಾದ ದ್ರಾವಣ ಕುಡಿದ ಇರುವೆ ಗೂಡು ಮುಟ್ಟುವ ಮೊದಲೇ ಸಾಯುತ್ತದೆ, ಅಥವಾ ರುಚಿ ಹಿಡಿಸದೆ ಬಿಟ್ಟು ಹೋಗುತ್ತದೆ.

ಈ ನೀರಲ್ಲಿ ಹತ್ತಿಯುಂಡೆ ಅದ್ದಿ, ಬಾಟಲಿ ಮುಚ್ಚಳದಲ್ಲಿಟ್ಟು, ಅದನ್ನು ಸಣ್ಣ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಡಬೇಕು. ಗೂಡು ಹೊರಗಿದ್ದರೆ ಡಬ್ಬಿ ಟೈರಿನ ಪಕ್ಕದಲ್ಲಿ, ಸಾಲಿನ ದಾರಿಯಲ್ಲೇ ಇರಲಿ. ಒಳಗಿದ್ದರೆ ಡಿಕ್ಕಿಯಲ್ಲಿ ಅಥವಾ ಸೀಟಿನ ಕೆಳಗೆ, ಕಾರು ನಿಂತಿರುವಾಗ ಮಾತ್ರ. ಮಕ್ಕಳು ಹತ್ತುವ ಮೊದಲು ತೆಗೆದಿಡುವುದು ಕಡ್ಡಾಯ. ಬೋರಿಕ್ ಪೌಡರ್ ಮಗುವಿನ ಹೊಟ್ಟೆಗೆ ಹೋದರೆ ವಾಂತಿ, ಭೇದಿಯಿಂದ ಶುರುವಾಗಿ ಪ್ರಾಣಕ್ಕೂ ಕುತ್ತು ತಂದೀತು. ಮೊದಲ ದಿನ ಡಬ್ಬಿಯ ಸುತ್ತ ಇರುವೆ ಮೊದಲಿಗಿಂತ ಹೆಚ್ಚೇ ಕಾಣುತ್ತದೆ. ಗಾಬರಿಯಾಗಿ ಸ್ಪ್ರೇ ಎತ್ತಿಕೊಂಡರೆ ಎಲ್ಲ ಕೆಟ್ಟಿತು. ಅವು ಕುಡಿಯಲಿ, ಒಯ್ಯಲಿ. ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸುತ್ತ ಹೋದರೆ ಒಂದರಿಂದ ಮೂರು ವಾರದೊಳಗೆ ಸಾಲು ತೆಳುವಾಗಿ ನಿಲ್ಲುತ್ತದೆ. ಸಿಹಿಯನ್ನು ಮೂಸಿಯೂ ನೋಡದಿದ್ದರೆ ಗೂಡಿಗೆ ಆಗ ಬೇಕಿರುವುದು ಎಣ್ಣೆ, ಪ್ರೋಟೀನ್ ಇರುವ ಆಹಾರ ಎಂದರ್ಥ. ಮರಿಗಳು ಹೆಚ್ಚಿರುವಾಗ ಹೀಗಾಗುತ್ತದೆ. ಪೀನಟ್ ಬಟರ್ ಎಂದು ಮಾರುವ ಕಡಲೆಕಾಯಿ ಮುದ್ದೆಗೆ ಅಷ್ಟೇ ಅಲ್ಪ ಪ್ರಮಾಣದ ಪುಡಿ ಬೆರೆಸಿ ಇಟ್ಟು ನೋಡಬಹುದು.

ಈ ನಡುವೆ ಕಾರಿನೊಳಗೆ ಪೈಪೋಟಿಗೆ ಬೇರೆ ತಿಂಡಿ ಇರಕೂಡದು. ಸೀಟಿನ ಹಳಿಗಳ ನಡುವೆ, ಚೈಲ್ಡ್ ಸೀಟಿನ ಮಡಿಕೆಗಳಲ್ಲಿ, ಕಪ್ ಇಡುವ ಗುಳಿಯ ತಳದಲ್ಲಿ ಏನಿದೆಯೆಂದು ಟಾರ್ಚ್ ಹಾಕಿ ನೋಡಿದರೆ ಚಿಪ್ಸ್ ಪುಡಿ, ಚಾಕೊಲೇಟ್ ಕಲೆ, ಆಯುಧಪೂಜೆಯ ಕಡ್ಲೆಪುರಿ, ದೇವಸ್ಥಾನದಿಂದ ಬಂದ ಪಂಚಕಜ್ಜಾಯ ಎಲ್ಲವೂ ಸಿಗುತ್ತವೆ. ವ್ಯಾಕ್ಯೂಮ್‌ನಲ್ಲಿ ಎಳೆದ ಕಸದ ಚೀಲವನ್ನು ಕಾರಿನಿಂದ ದೂರ ಒಯ್ದು ಕಟ್ಟಿ ಎಸೆಯಬೇಕು, ಇಲ್ಲವಾದರೆ ಒಳಗೆ ಹೋದ ಇರುವೆ ಹಾಗೇ ಹೊರಬರುತ್ತದೆ. ಆಯುಧಪೂಜೆಗೆ ಕಾರಿನ ಮುಂದೆ ಕಟ್ಟುವ ಬಾಳೆಕಂದಿನ ಬಗ್ಗೆಯೂ ಒಂದು ಮಾತು. ಬಾಳೆಯ ಬುಡದಲ್ಲಿ, ಎಲೆಯ ಸುಳಿಯಲ್ಲಿ ಕಪ್ಪು ಹೇನುಗಳಿದ್ದು ಅವುಗಳ ಸಿಹಿನೀರಿಗಾಗಿ ಇರುವೆಗಳು ಅಲ್ಲೇ ಕಾವಲಿರುತ್ತವೆ. ಕಂದನ್ನು ಕಟ್ಟುವ ಮೊದಲು ನೀರಿನಲ್ಲಿ ಚೆನ್ನಾಗಿ ಝಾಡಿಸಿ, ಹಬ್ಬ ಮುಗಿದ ಕೂಡಲೇ ಬಿಚ್ಚಿಬಿಟ್ಟರೆ ಪೂಜೆಗೂ ಊನವಿಲ್ಲ, ಕಾರಿಗೂ ತೊಂದರೆಯಿಲ್ಲ.

ಇರುವೆ ವೈರ್ ಕಡಿಯುತ್ತದೆಯೇ ಎಂಬ ಭಯ ಬಹಳ ಜನರಿಗೆ. ಇಲಿ ಕಡಿದಂತೆ ಇರುವೆ ಕಡಿಯುವುದಿಲ್ಲ. ಆದರೆ ವಿದ್ಯುತ್ ಉಪಕರಣಗಳನ್ನು ಇರುವೆಗಳು ಹಾಳು ಮಾಡಿದ ಉದಾಹರಣೆಗಳಿವೆ. ಅಮೆರಿಕದ ಟೆಕ್ಸಸ್‌ನಲ್ಲಿ ಟಾಮ್ ರಾಸ್‌ಬೆರಿ ಎಂಬ ಕೀಟ ನಿವಾರಕ 2002ರಲ್ಲಿ ಗುರುತಿಸಿದ, ಅವರ ಹೆಸರಿನಿಂದಲೇ ಪ್ರಸಿದ್ಧವಾದ ಇರುವೆ ಸ್ವಿಚ್ ಬಾಕ್ಸ್‌ಗಳಲ್ಲಿ ರಾಶಿ ಬಿದ್ದು ಸತ್ತು ಸಂಪರ್ಕ ಕೆಡಿಸುತ್ತಿತ್ತು. ಅಲ್ಲಿನ ಬೆಂಕಿ ಇರುವೆಯ ಮೇಲೆ ನಡೆದ ಪ್ರಯೋಗಗಳಲ್ಲಿ, ಶಾಕ್ ಹೊಡೆಸಿಕೊಂಡ ಇರುವೆ ಬಿಡುವ ಎಚ್ಚರಿಕೆಯ ವಾಸನೆಗೆ ಉಳಿದವೂ ಅಲ್ಲಿಗೇ ಓಡಿ ಬರುವುದು ಕಂಡಿತು. ಇವೆರಡೂ ನಮ್ಮ ಅಂಗಳದ ಜಾತಿಗಳಲ್ಲ. ಆದರೂ ಫ್ಯೂಸ್ ಬಾಕ್ಸ್ ಸುತ್ತ ಸಾಲು ಕಂಡರೆ ಅಲ್ಲಿ ನೀರು, ಸೋಪು, ಸ್ಪ್ರೇ ಏನನ್ನೂ ಹಾಕದೆ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಕಳಚಿಸಿ ಸ್ವಚ್ಛ ಮಾಡಿಸುವುದು ಲೇಸು. ಬಾಗಿಲಿನ ಒಳಪದರ ಬಿಚ್ಚಬೇಕಾದ ಗೂಡಿಗೂ ಅಷ್ಟೆ, ಕೈ ಪಳಗಿದವರೇ ಬೇಕು. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದರೆ ‘ಸ್ಪ್ರೇ ಬೇಡ, ಜೆಲ್ ಹಾಕಿ’ ಎಂದು ಮೊದಲೇ ಹೇಳಬೇಕು. ಆ ಜೆಲ್ ಕೂಡ ನಿಧಾನ ವಿಷ ಬೆರೆತ ಸಿಹಿಯೇ.

ಕಾರಿನ ಇರುವೆ ಮಾಲೀಕನೊಬ್ಬನ ತಲೆನೋವಾಗಿ ಮುಗಿಯುವುದಿಲ್ಲ ಎನ್ನುವುದಕ್ಕೂ ಆಧಾರವಿದೆ. ತೈವಾನಿನಲ್ಲಿ ಸಂಶೋಧಕರು ತಮ್ಮ ಕಾರಿಗೆ ಇರುವೆ ಹತ್ತಿದೆಯೆಂದು ಜನ ಹೇಳಿಕೊಂಡ ಐವತ್ತಕ್ಕೂ ಹೆಚ್ಚು ಪ್ರಕರಣಗಳನ್ನು ಕಲೆಹಾಕಿದಾಗ ಒಂಬತ್ತು ಜಾತಿಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಆ ದ್ವೀಪಕ್ಕೆ ಹೊರಗಿನಿಂದ ಬಂದವು. ಅರ್ಜೆಂಟೀನಾ ಇರುವೆಯ ಬಗ್ಗೆ 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಇನ್ನೂ ಸ್ಪಷ್ಟ. ತನ್ನ ಕಾಲಲ್ಲಿ ನಡೆದು ಅದು ಹರಡುವುದು ವರ್ಷಕ್ಕೆ ಹೆಚ್ಚೆಂದರೆ 150 ಮೀಟರ್. ಮನುಷ್ಯರ ಸರಕು, ವಾಹನ ಹತ್ತಿದರೆ ವರ್ಷಕ್ಕೆ 160 ಕಿಲೋಮೀಟರ್‌ಗಿಂತ ಹೆಚ್ಚು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೆ ಕಾಡಂಚಿನ ಹಳ್ಳಿಗಳಲ್ಲಿ 2022ರಲ್ಲಿ ಹಳದಿ ಹುಚ್ಚು ಇರುವೆ ವಿಪರೀತವಾಗಿ ಹೆಚ್ಚಿ ದನ, ಕುರಿಗಳ ಕಣ್ಣಿಗೆ ಮುತ್ತಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಇಂಥ ಇರುವೆಯ ಒಂದು ರಾಣಿ, ಹಿಡಿಯಷ್ಟು ಕೆಲಸಗಾರರು ಹೊಸ ಊರಿಗೆ ತಲುಪಿದರೆ ಅಲ್ಲಿ ಬೇರೂರಲು ಅಷ್ಟು ಸಾಕು.

ಬೆಂಗಳೂರಿನ ನರ್ಸರಿಗಳಿಂದ ಊರಿನ ತೋಟಕ್ಕೆ ಗಿಡ ಒಯ್ಯುವವರು, ಊರಿನಿಂದ ಬಾಳೆಗೊನೆ, ಹಲಸು, ತೆಂಗಿನಕಾಯಿ ಚೀಲ ತರುವವರು ಇದನ್ನು ಗಮನಿಸಬೇಕು. ಡಿಕ್ಕಿಗೆ ಏರಿಸುವ ಮುನ್ನ ಗಿಡದ ಕುಂಡವನ್ನು ಬಕೆಟ್ ನೀರಿನಲ್ಲಿ ಮಣ್ಣು ಮುಳುಗುವಂತೆ ಇಪ್ಪತ್ತು ನಿಮಿಷ ಇಟ್ಟರೆ ಒಳಗಿನ ಇರುವೆಗಳು ಮರಿಗಳನ್ನು ಹೊತ್ತುಕೊಂಡು ಮೇಲೆ ಬರುತ್ತವೆ. ಅವನ್ನು ಅಲ್ಲೇ ಕೊಡವಿ, ನೀರು ಬಸಿದ ಮೇಲೆ ಕುಂಡವನ್ನು ಹಳೆಯ ಗೋಣಿಯ ಬದಲು ಪ್ಲಾಸ್ಟಿಕ್ ಟ್ರೇಯಲ್ಲಿ ಇಡುವುದು ಒಳ್ಳೆಯದು. ಬಾಳೆಗೊನೆಯನ್ನು ಬಿಸಿಲಿಗೆ ತೂಗುಹಾಕಿ ಹೊಡೆದು ಝಾಡಿಸಬೇಕು. ಚಿಪ್ಪುಗಳ ನಡುವಿನ ಸಂದಿನಿಂದ ಉದುರುವ ಇರುವೆಗಳು ಊರಿನಲ್ಲೇ ಉಳಿಯುತ್ತವೆ.